ಅಟ್ಟದ ಕಾಯಿ, ಆಕಾಶದ ಬಿಸುಪು

ಕಣಕಟ್ಟೆ
3 ಮಾರ್ಚ್ 2024

ಚಿ. ಸಿಂಧುವಿಗೆ,

ನೀನು ಚಿಲಿ ದೇಶ ಮುಟ್ಟಿದೆ ಅಂತ ನನ್ನ ಮಗರಾಯ ಉದಯ ಹೇಳಿದ. ನಮ್ಮ ತೋಟದ ಬಾವಿಯನ್ನು ಇನ್ನೂ ತೋಡುತ್ತಾ ಹೋದರೆ ಆ ಕಡೆ ನೀನೇ ಸಿಗುತ್ತೀಯಂತೆ, ಅಷ್ಟು ದೂರವಂತೆ. ಗಂಡನ ಮೇಲೆ ಮುನಿಸಿಕೊಂಡು ತೌರಿಗೆ ಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಗಂಡನಿಂದಲೇ ಸೂಟ್‌ಕೇಸ್ ಹೊರಿಸಿಕೊಂಡು ಆಕಾಶ ಅಳೆಯಲಿಕ್ಕೆ ಹೋದವಳನ್ನು ಕಾಣುತ್ತಿರುವುದು ಇದೇ ಮೊದಲು. ಇರಲಿ, ಒಂದು ವರ್ಷ ತಾನೆ, ಗೆದ್ದು ಬಾ.

ಅತ್ತೆ ಸೊಸೆಗೆ ಕಾಗದ ಬರೆಯುವುದುಂಟೇ ಅಂತ ನಗಬೇಡ. ನನಗೆ ಫೋನು ಆಗಿಬರುವುದಿಲ್ಲ. ಅದು ಬರೀ ಕರಕರ ಅನ್ನುತ್ತೆ, ಅರ್ಧ ಮಾತು ನುಂಗಿಹಾಕುತ್ತೆ. ಹೀಗೆ ಬರೆದು, ನನ್ನ ಫೋನಿನಲ್ಲಿ ಫೋಟೊ ಹಿಡಿದು ಕಳಿಸುತ್ತೇನೆ. ನೀನೂ ಕೈಯಲ್ಲೇ ಬರಿ, ಟೈಪು ಮಾಡಬೇಡ. ನಿನ್ನ ಅಕ್ಷರ ನೋಡಿದರೆ ಊಟ ಮಾಡಿದ್ದೀಯೋ ಇಲ್ಲವೋ ನನಗೆ ಗೊತ್ತಾಗುತ್ತೆ.

ನೀನು ಹೊರಡುವ ದಿನ ನನ್ನ ಬಲವಂತಕ್ಕೆ ಅಟ್ಟದ ಮೇಲೆ ಒಂದು ಕಾಯಿ ಇಟ್ಟುಹೋದೆಯಲ್ಲ, ಅದು ಕ್ಷೇಮವಾಗಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಇದು ವಿಚಿತ್ರ ಅನ್ನಿಸಿತ್ತು. ಆದರೆ ಈ ಮನೆಯ ಪದ್ಧತಿ, ದೂರ ಹೋಗುವವರು ತಮ್ಮ ಕೈಯಾರೆ ಒಂದು ತೆಂಗಿನಕಾಯಿ ಅಟ್ಟಕ್ಕೆ ಹಾಕಿ ಹೋಗಬೇಕು. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಆರಿ, ತಿರುಳು ಉಂಡೆ ಕೊಬ್ಬರಿಯಾಗಿ, ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತೆ. ಅಷ್ಟರಲ್ಲಿ ಹೋದವರು ಬಂದಿರಬೇಕು. ನಿಮ್ಮ ಮಾವ ಇದ್ದಾಗ ಕಾಶಿಗೆ ಹೋಗುವಾಗಲೂ ಇಟ್ಟಿದ್ದರು, ಎರಡೇ ವಾರಕ್ಕೆ ವಾಪಸ್ಸು ಬಂದು ಎಲ್ಲರ ಕೈಲೂ ನಗಿಸಿಕೊಂಡರು. ಗುರುತು ಸಿಗಲಿ ಅಂತ ನಿನ್ನ ಕಾಯಿಗೆ ನಿನ್ನ ಹಳೇ ನೀಲಿ ದುಪಟ್ಟಾದ ಅಂಚು ಕಟ್ಟಿದ್ದೇನೆ.

ಇಲ್ಲಿ ಎಮ್ಮೆಯೊಂದನ್ನು ಬಿಟ್ಟು ಎಲ್ಲರೂ ಚೆನ್ನಾಗಿದ್ದೇವೆ. ಅದು ನೀನು ಹೋದಾಗಿನಿಂದ ಒದೆಯುತ್ತೆ.

ನಿನ್ನ ಅತ್ತೆ
ಸುಮಿತ್ರಮ್ಮ

*

ಸ್ಯಾನ್ ಪೆದ್ರೊ, ಅಟಕಾಮ ಮರುಭೂಮಿ
19 ಮಾರ್ಚ್ 2024

ಪ್ರೀತಿಯ ಅತ್ತೆಗೆ ನಮಸ್ಕಾರ.

ಊಟ ಮಾಡಿಯೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೇಕಾದರೆ. ನೀವು ಕಟ್ಟಿಕೊಟ್ಟ ಕೊಬ್ಬರಿ ಚಟ್ನಿಪುಡಿಯ ಡಬ್ಬಿ ಆಗಲೇ ಅರ್ಧ ಖಾಲಿ. ಅದರಲ್ಲಿ ಕಾಲುಭಾಗ ನಾನು ತಿಂದದ್ದು, ಉಳಿದದ್ದು ನಮ್ಮ ಮೇಲಧಿಕಾರಿ ಮಾರ್ತಾ. ಇಲ್ಲಿಯವಳೇ, ಐವತ್ತು ದಾಟಿದ ಹೆಂಗಸು. ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಾಳೆ, ನಿಮ್ಮ ಹೆಸರು ಕೇಳಿ ಬರೆದಿಟ್ಟುಕೊಂಡಿದ್ದಾಳೆ.

ನಾವು ಮಲಗುವುದು ಈ ಊರಿನಲ್ಲಿ. ದಿನಾ ಬೆಳಿಗ್ಗೆ ಜೀಪಿನಲ್ಲಿ ಬೆಟ್ಟದ ಮೇಲಕ್ಕೆ ಹೋಗುತ್ತೇವೆ. ಅಲ್ಲಿ ಉಸಿರಾಡಲು ಗಾಳಿ ಸಾಲದು, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕೆಲಸ ಮಾಡಬೇಕು. ಕಣ್ಣು ಹಾಯಿಸಿದಷ್ಟು ದೂರ ಒಂದು ಗರಿಕೆ ಇಲ್ಲ. ಒಗೆದ ಬಟ್ಟೆ ಹರಡುವಷ್ಟರಲ್ಲಿ ಒಣಗುತ್ತೆ. ತುಟಿಯೆಲ್ಲ ಒಡೆದಿದೆ. ಈ ಒಣ ಗಾಳಿಗಾಗಿಯೇ ಇಷ್ಟು ದೂರ ಬಂದದ್ದು.

ಹೊರಡುವ ಗಡಿಬಿಡಿಯಲ್ಲಿ ನೀವು ಕೇಳಿದ್ದಿರಿ, ಅದೇನು ಅಳೆಯುತ್ತೀಯೆ ಅಂತ. ಸರಿಯಾಗಿ ಹೇಳಲೇ ಇಲ್ಲ. ಜಗತ್ತು ಎಳೆಯದಾಗಿದ್ದಾಗ ಎಲ್ಲವೂ ಕೆಂಡದ ಹಾಗೆ ಕಾದಿತ್ತು ಅತ್ತೆ. ಆ ಬಿಸಿ ಆರುತ್ತಾ ಬಂದು ಈಗ ಉಳಿದಿರುವುದು ಒಂದಿಷ್ಟು ಬಿಸುಪು. ಒಲೆ ಆರಿಸಿ ಎಷ್ಟೋ ಹೊತ್ತಾದ ಮೇಲೂ ಅಡುಗೆಮನೆ ಗೋಡೆ ಬೆಚ್ಚಗಿರುತ್ತಲ್ಲ, ಹಾಗೆ. ಆಕಾಶದ ಯಾವ ಕಡೆ ತಿರುಗಿದರೂ ಆ ಬಿಸುಪು ಇದೆ, ಹೆಚ್ಚುಕಡಿಮೆ ಒಂದೇ ಸಮ. ಆದರೆ ಪೂರಾ ಸಮ ಅಲ್ಲ, ಲಕ್ಷಕ್ಕೆ ಒಂದು ಪಾಲಿನಷ್ಟು ಅಲ್ಲಿ ಜಾಸ್ತಿ, ಇಲ್ಲಿ ಕಡಿಮೆ. ಆ ಏರುಪೇರನ್ನು ನಾವು ನೆಲದ ಮೇಲೆ ನಿಂತು ಅಳೆಯುತ್ತೇವೆ. ಗಾಳಿಯಲ್ಲಿ ನೀರಿನ ಪಸೆ ಇದ್ದರೆ ಅದರದೇ ಬಿಸಿ ಮುಂದೆ ಬಂದು ನಿಂತು ಆಕಾಶದ್ದು ಮುಚ್ಚಿಹೋಗುತ್ತೆ. ನೀರು ಆರಬೇಕು, ಆಗ ಗೊತ್ತಾಗುವುದು.

ಎಮ್ಮೆಗೆ ನನ್ನ ಹಳೇ ನೈಟಿ ತೋರಿಸಿ ನೋಡಿ, ಒದೆಯುವುದು ಬಿಟ್ಟೀತು.

ನಿಮ್ಮ ಸಿಂಧು

*

ಕಣಕಟ್ಟೆ
21 ಏಪ್ರಿಲ್ 2024

ಚಿ. ಸಿಂಧು,

ನಿನ್ನ ನೈಟಿ ತೊಟ್ಟುಕೊಂಡೇ ಹಾಲು ಕರೆದೆ. ಎಮ್ಮೆ ಒದೆಯಲಿಲ್ಲ. ಹಾಲಿಗೆ ಬಂದ ಲಕ್ಕಪ್ಪ ಮಾತ್ರ ಗೇಟಿನಿಂದಲೇ ತಿರುಗಿಕೊಂಡು ಹೋದ.

ನೀರು ಆರಬೇಕು ಅಂದೆಯಲ್ಲ, ಓದಿ ಮೈ ಜುಂ ಅಂತು ಕಣೇ. ನಮ್ಮ ಕಾಯಿಯೂ ಹಾಗೇ. ಹೊಸ ಕಾಯಿ ಅಲ್ಲಾಡಿಸಿದರೆ ಬಳಕ್ ಬಳಕ್ ಅಂತ ನೀರು ಮಾತಾಡುತ್ತೆ. ಆಮೇಲೆ ನೀರು ಇಂಗಿ, ಕಾಯಿ ಮೂಗಿಯಾಗುತ್ತೆ, ಏನು ಮಾಡಿದರೂ ಸೊಲ್ಲೆತ್ತುವುದಿಲ್ಲ. ಆಗ ಕೈ ಹಾಕಬಾರದು. ತಿರುಳು ಇನ್ನೂ ಚಿಪ್ಪಿಗೆ ಅಂಟಿರುತ್ತೆ, ಬಿಡಿಸಲು ಹೋದರೆ ಹೋಳುಹೋಳಾಗಿ ಕೆಟ್ಟುಹೋಗುತ್ತೆ. ಕಾದರೆ ಕೊನೆಗೆ ಲೊಟಲೊಟ ಅಂತ ಕೊಬ್ಬರಿಯೇ ಮಾತಾಡುತ್ತೆ. ಈ ಮೂರು ದನಿಯ ವ್ಯತ್ಯಾಸ ತಿಳಿಯುವ ಕಿವಿ ಬೇಕು. ನನ್ನ ಅತ್ತೆ ನನಗೆ ಕಲಿಸಿದ್ದು. ಪಕ್ಕದ ತೋಟದ ಶಿವಯ್ಯ ಈಗಲೂ ತನ್ನ ಅಟ್ಟದ ಕಾಯಿಯನ್ನು ನನಗೆ ತೋರಿಸಿಯೇ ಸುಲಿಸುವುದು.

ನಿನ್ನ ಗಂಡನಿಗೆ ಮಾತ್ರ ಈ ಅಟ್ಟ ಕಂಡರೆ ಆಗುವುದಿಲ್ಲ. ಮೊನ್ನೆ ಅರಸೀಕೆರೆಯಲ್ಲಿ ಕಾಲೇಜಿನ ಪಾಠ ಮುಗಿಸಿ ಬಂದವನೇ ಶುರುಮಾಡಿದ.

“ಅಮ್ಮ, ಎಳನೀರು ಲಾರಿ ಗೇಟಿಗೇ ಬರುತ್ತೆ. ಎಳೇದೇ ಕೊಟ್ಟು ಕೈ ತೊಳ್ಕೊಳ್ಳೋಣ. ವರ್ಷಗಟ್ಲೆ ಇಲಿ ಕಾಯ್ಕೊಂಡು, ಹೊಗೆ ಹಾಕ್ಕೊಂಡು, ಯಾರಿಗ್ ಬೇಕು ಇದು?”

“ನನಗೆ ಬೇಕು ಕಣಪ್ಪ,” ಅಂದೆ.

“ಸರಿ. ನಿನ್ನ ಕಿವಿ ನಡೆಯೋವರೆಗೂ ಅಟ್ಟ ಇರಲಿ. ಆಮೇಲೆ ಬಿಚ್ಚಿಸಿಬಿಡ್ತೀನಿ.”

ಹಾಗಂದು ಕಾಫಿ ಕುಡಿದು ಪೇಪರು ನೋಡಲು ಕೂತ. ಆ ಮಾತು ನನ್ನ ಎದೆಯೊಳಗೆ ಕೂತಿತು. ಅಟ್ಟ ಹೋದರೆ ಈ ಮನೆಯಲ್ಲಿ ನನ್ನದು ಅಂತ ಉಳಿಯುವುದು ಸೌಟು ಒಂದೇ.

ಜಾವಗಲ್‌ನಲ್ಲಿ ಮದುವೆಗೆ ಹೋಗಿದ್ದೆವು. ನಮ್ಮ ಚಿಕ್ಕತ್ತೆಯ ಮಗಳು ಪಕ್ಕದಲ್ಲೇ ಕೂತು ಸೊಸೆ ವಿಷಯ ಏನೇನೋ ಕುಟುಕುತ್ತಿದ್ದಳಂತೆ. ನನ್ನ ಮುಂದೆ ಅದು ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಲಾಡು ತಿನ್ನುತ್ತಾ ನಗುತ್ತಾ ಕೂತಿದ್ದೆ. “ಭೇಷ್ ಅತ್ತೆ ನೀವು, ಒಂದು ಮಾತಾಡದೆ ಅವಳ ಬಾಯಿ ಮುಚ್ಚಿಸಿದ್ರಿ” ಅಂತ ಆಮೇಲೆ ಎಲ್ಲರೂ ಹೊಗಳಿದರು.

ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೋ.

ಸುಮಿತ್ರಮ್ಮ

*

ಸ್ಯಾನ್ ಪೆದ್ರೊ
30 ಮೇ 2024

ಅತ್ತೆ,

ಒಂದು ಸುದ್ದಿ ಇದೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಹೋದ ವಾರ ನಮ್ಮ ದುರ್ಬೀನು ಮಾಡಿದ ಕಚ್ಚಾ ನಕ್ಷೆಯ ಮೂಲೆಯಲ್ಲಿ ಒಂದು ಗೆರೆ ಕಾಣಿಸಿತು. ಹಿಂದೆ ಯಾರೂ ಕಂಡಿಲ್ಲದ್ದು. ಮೊದಲು ಕಂಡವಳು ನಾನೇ. ಆಕಾಶದ ಬಿಸುಪಿನಲ್ಲಿ ಅಂಥ ಗೆರೆ ನಿಜವಾಗಿ ಇದ್ದರೆ ಅದು ದೊಡ್ಡ ಮಾತು. ಮಾರ್ತಾ “ನಿಧಾನ, ನಿಧಾನ” ಅನ್ನುತ್ತಾಳೆ. ನನಗೆ ನಿದ್ದೆ ಬರುತ್ತಿಲ್ಲ. ಮಾದಿಹಳ್ಳಿಗೆ ಫೋನು ಮಾಡಿ ಅಪ್ಪನಿಗೂ ಹೇಳಿಬಿಟ್ಟೆ. ಅಪ್ಪ ಹಾಲಿನ ಡೈರಿಯಲ್ಲಿ ನಿಂತು “ನನ್ನ ಮಗಳು ಆಕಾಶದಾಗೆ ಗೆರೆ ಕಂಡ್ಹಿಡಿದವ್ಳೆ” ಅಂತ ಸಾರಿ, ಎಲ್ಲರಿಗೂ ಮೈಸೂರು ಪಾಕು ಹಂಚಿದರಂತೆ.

ನಿಮಗೆ ಬಾಯಲ್ಲೇ ಹೇಳಬೇಕು ಅಂತ ಮೂರು ಸಲ ಫೋನು ಮಾಡಿದೆ. ಒಂದು ಸಲ ಎತ್ತಿ “ಹೂಂ, ಹೂಂ, ಚೆನ್ನಾಗಿದ್ದೀವಿ” ಅಂತ ಇಟ್ಟುಬಿಟ್ಟಿರಿ. ನಾನು ಕೇಳಿದ್ದು ಎಮ್ಮೆ ಕರು ಹಾಕಿತೇ ಅಂತ. ನನ್ನ ಮೇಲೆ ಏನಾದರೂ ಬೇಜಾರೇ ಅತ್ತೆ? ಜಾವಗಲ್‌ನ ಮಾತು ಮನಸ್ಸಿಗೆ ಹತ್ತಿತೇ? ಇದ್ದರೆ ಬೈದುಬಿಡಿ, ನಾನು ತಡೆದುಕೊಳ್ಳುತ್ತೇನೆ. ಹೂಂಗುಟ್ಟಬೇಡಿ, ಅದನ್ನು ತಡೆಯಲಾರೆ.

ಸಿಂಧು

*

ಕಣಕಟ್ಟೆ
6 ಜುಲೈ 2024

ಸಿಂಧು,

ಗೆರೆಯ ಸುದ್ದಿ ಓದಿ ಸಂತೋಷವಾಯಿತು. ಸೋಮವಾರ ದೇವಸ್ಥಾನದಲ್ಲಿ ನಿನ್ನ ಹೆಸರಲ್ಲಿ ಅಭಿಷೇಕ ಮಾಡಿಸಿದೆ. ನಿನ್ನ ಮೇಲೆ ನನಗೆ ಯಾವ ಬೇಜಾರೂ ಇಲ್ಲ. ಇಲ್ಲಿ ಸಿಗ್ನಲ್ ಸರಿಯಿಲ್ಲ ಅಷ್ಟೆ.

ಮಳೆ ಹಿಡಿದುಕೊಂಡಿದೆ. ಶಿವಯ್ಯನ ಅಟ್ಟದ ಒಂದು ಪಾಲು ಕಾಯಿ ಇನ್ನೂ ಹಸಿಯಾಗಿದ್ದಾಗಲೇ ಸುಲಿದುಹೋಯಿತು. ಎಲ್ಲಾ ಹೋಳು. ಯಾರ ಕೈತಪ್ಪೋ ಏನೋ. ಅವನಿಗೆ ಹೊಟ್ಟೆ ಉರಿದಿರಬೇಕು.

ಎಮ್ಮೆ ಹೆಣ್ಣುಕರು ಹಾಕಿದೆ.

ಅತ್ತೆ

*

ಸ್ಯಾನ್ ಪೆದ್ರೊ
28 ಜುಲೈ 2024

ಪ್ರೀತಿಯ ಅತ್ತೆ,

ನಾನು ಮುಖ ತೋರಿಸುವ ಹಾಗಿಲ್ಲ. ಗೆರೆ ಹೋಯಿತು.

ಹೋಯಿತು ಅನ್ನುವುದೂ ತಪ್ಪು, ಅದು ಆಕಾಶದಲ್ಲಿ ಇರಲೇ ಇಲ್ಲ. ದುರ್ಬೀನಿನ ಸುತ್ತ ತಗಡಿನ ಗೋಡೆ ಕಟ್ಟಿರುತ್ತೇವೆ, ನೆಲದ ಬಿಸಿ ಒಳಗೆ ಬರದಿರಲಿ ಅಂತ. ನಾನು ಬರುವ ಮೊದಲೇ ಬೆಟ್ಟದ ಮೇಲೆ ಬಿದ್ದಿದ್ದ ಹಿಮದ ಭಾರಕ್ಕೆ ಒಂದು ಕಡೆ ತಗಡು ಬಗ್ಗಿತ್ತು. ಆ ಸಂದಿಯಿಂದ ಪಕ್ಕದ ಬೆಟ್ಟದ ಬಿಸಿ ಇಣುಕುತ್ತಿತ್ತು. ಹಗಲು ಅಳೆದದ್ದರಲ್ಲಿ ಇರುಳು ಅಳೆದದ್ದನ್ನು ಕಳೆದು ನೋಡಿದೆವು. ಆಕಾಶದ ಗೆರೆಯಾಗಿದ್ದರೆ ಎರಡರಲ್ಲೂ ಒಂದೇ ಥರ ಇದ್ದು ಕಳೆದುಹೋಗಬೇಕಿತ್ತು. ಹೋಗಲಿಲ್ಲ. ಹಗಲು ಬೆಟ್ಟ ಕಾದಾಗ ಗೆರೆ ದಪ್ಪ, ಇರುಳು ಸಣ್ಣ. ದೂರದ ಬೆಟ್ಟ ನುಣ್ಣಗೆ ಅಂತಾರೆ. ನನಗೆ ಮೋಸ ಮಾಡಿದ್ದು ಕಣ್ಣೆದುರಿಗಿನ ಬೆಟ್ಟ, ದಿನಾ ನಾನು ಅದರ ನೆರಳಿನಲ್ಲೇ ಚಹಾ ಕುಡಿಯುತ್ತಿದ್ದೆ.

ನನಗೆ ಗೆರೆ ಬೇಕಿತ್ತು ಅತ್ತೆ. ಬೇಕಿದ್ದದ್ದೇ ಕಂಡಿತು. ಎಲ್ಲರ ಮುಂದೆ ನಿಂತು “ಇದು ನಾನು ತಪ್ಪಾಗಿ ಓದಿದ್ದು” ಅಂತ ಹೇಳಿದೆ. ಮಾರ್ತಾ ಬೈಯಲಿಲ್ಲ. ತಗಡು ಬಗ್ಗಿದೆ ಅಂತ ಗೊತ್ತಾಯಿತಲ್ಲ, ಸರಿಮಾಡಿದರಾಯಿತು, ಬಗ್ಗಿಲ್ಲ ಅಂತ ನಟಿಸುತ್ತಾ ಕೂತಿದ್ದರೆ ವರ್ಷವೆಲ್ಲ ಹಾಳಾಗುತ್ತಿತ್ತು ಅಂದಳು. ಅಪ್ಪನಿಗೆ ಹೇಳಿದೆ. ಮೈಸೂರು ಪಾಕು ವಾಪಸ್ಸು ಕೇಳಕ್ಕಾಗಲ್ಲ ಕಣಮ್ಮ ಅಂದರು.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಶಿವಯ್ಯನವರ ಕಾಯಿ ಹಾಳಾದದ್ದನ್ನು ಉದಯ್ ಹೇಳಿದರು. ಆ ಕಾಯಿಗಳು ಆಗಿವೆ ಅಂತ ಹೂಂ ಅಂದವರು ನೀವೇ ಅಂತಲೂ ಹೇಳಿದರು, “ಅಮ್ಮನಿಗೆ ಆವತ್ತು ಏನೋ ಯೋಚನೆ ಇತ್ತು ಅನ್ಸುತ್ತೆ” ಅಂತ. ನಾನು ನಿಮ್ಮ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಫೋನು ಕರಕರ ಅನ್ನುವುದು. ಜಾವಗಲ್‌ನಲ್ಲಿ ನಗುತ್ತಾ ಲಾಡು ತಿಂದದ್ದು. ಆ ಹೂಂ, ಹೂಂ.

ನಿಮ್ಮ ತಗಡು ಎಲ್ಲಾದರೂ ಬಗ್ಗಿದೆಯೇ ಅತ್ತೆ? ನನಗೆ ಹೇಳಿ. ನನ್ನದು ನಿಮಗೆ ಹೇಳಿದೆನಲ್ಲ.

ನಿಮ್ಮ ಸಿಂಧು

*

ಕಣಕಟ್ಟೆ
27 ಆಗಸ್ಟ್ 2024

ಸಿಂಧು ಮಗಳೇ,

ನಿನ್ನ ಕಾಗದ ಬಂದು ತಿಂಗಳಾಯಿತು. ಎಷ್ಟು ಸಲ ಬರೆಯಲು ಕೂತೆನೋ, ಎಷ್ಟು ಸಲ ಹರಿದೆನೋ. ಈಗ ಬರೆದುಬಿಡುತ್ತೇನೆ.

ನನಗೆ ಕಿವಿ ಕೇಳಿಸುವುದಿಲ್ಲ ಕಣೇ. ಪೂರಾ ಹೋಗಿಲ್ಲ. ಹತ್ತಿರ ಬಂದು ಮುಖ ನೋಡಿ ಮಾತಾಡಿದರೆ ತುಟಿ ನೋಡಿ ಹೊಂದಿಸಿಕೊಳ್ಳುತ್ತೇನೆ. ಸಣ್ಣ ದನಿಗಳು ಹೋಗಿವೆ. ಬಳೆ ಸದ್ದು ಇಲ್ಲ, ಒಗ್ಗರಣೆ ಸಿಡಿಯುವುದು ಇಲ್ಲ, ಕಾಯಿಯ ಲೊಟಲೊಟ ಇಲ್ಲವೇ ಇಲ್ಲ. ನೀನು ಹೋಗುವ ಮೊದಲೇ ಶುರುವಾಗಿತ್ತು. ವಯಸ್ಸಿಗೆ ಕಿವಿ ಸ್ವಲ್ಪ ಮಂದ ಆಗುತ್ತೆ ಅಂದುಕೊಂಡೆ. ಆಮೇಲೆ ಉದಯ ಆ ಮಾತು ಅಂದ, ನಿನ್ನ ಕಿವಿ ನಡೆಯೋವರೆಗೂ ಅಂತ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಯಿತು.

ಶಿವಯ್ಯನ ಕಾಯಿ ಕೆಡಿಸಿದವಳು ನಾನೇ. ಕಿವಿ ಹೋದ ಮೇಲೆ ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಬಡಿಯುತ್ತದೆಯೇ ಅಂತ ನೋಡುತ್ತಿದ್ದೆ. ಅವನ ಕಾಯಿಯಲ್ಲಿ ತಳದಲ್ಲಿ ಇನ್ನೂ ಒಂದು ಗುಟುಕು ನೀರಿತ್ತು. ಅದು ಕುಲುಕಿದ್ದನ್ನು ಕೊಬ್ಬರಿ ಬಡಿಯುವುದು ಅಂದುಕೊಂಡು “ಇಳಿಸಪ್ಪ, ಆಗಿದೆ” ಅಂದುಬಿಟ್ಟೆ. ನೀನು ಬೆಟ್ಟದ ಬಿಸಿಯನ್ನು ಆಕಾಶದ್ದು ಅಂದುಕೊಂಡ ಹಾಗೇ. ಅವನು ನನ್ನ ಮೇಲೆ ತಪ್ಪು ಹೊರಿಸಲಿಲ್ಲ. “ಅಮ್ಮಾವ್ರು ಹೇಳಿದ್ಮೇಲೆ ಕಾಯಿದೇ ತಪ್ಪು ಐತೆ” ಅಂತ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಯಾರೂ ಕಳ್ಳ ಅನ್ನದೆಯೇ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ.

ಹೋದ ವಾರ ನಿಮ್ಮಮ್ಮನನ್ನು ನೋಡಲು ಮಾದಿಹಳ್ಳಿಗೆ ಹೋಗಿದ್ದೆ. ಬರುವಾಗ ಹಳೇಬೀಡು ಬಸ್ ಸ್ಟ್ಯಾಂಡಿನಲ್ಲಿ ಅರಸೀಕೆರೆ ಬಸ್ಸಿಗೆ ಕಾಯುತ್ತಾ ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದೆ. ಬಸ್ಸು ನನ್ನ ಬೆನ್ನ ಹಿಂದೆಯೇ ಬಂದು ನಿಂತು, ಹಾರನ್ ಹೊಡೆದು, ಹೊರಟೂ ಹೋಯಿತು. ಕಡಲೆಕಾಯಿಯವಳು ಭುಜ ಅಲ್ಲಾಡಿಸಿ, “ಏನಮ್ಮೋ, ಕಂಡಕ್ಟ್ರು ಅಷ್ಟ್ ಬಡ್ಕೊಂಡ, ಕಿವಿ ಕೇಳಾಕಿಲ್ವಾ?” ಅಂದಳು. ಮೊದಲ ಸಲ ಒಬ್ಬರು ಮುಖದ ಮೇಲೆ ಕೇಳಿದರು. ನಾನು ಇಲ್ಲಮ್ಮ, ಕೇಳಾಕಿಲ್ಲ ಅಂದೆ. ಅಂದು ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಗುರುತಿಲ್ಲದವಳ ಮುಂದೆ ಹೇಳಲು ಆಯಿತು, ಹೆತ್ತ ಮಗನ ಮುಂದೆ ಆಗುತ್ತಿಲ್ಲ ನೋಡು.

ನಿನ್ನ ಮೇಲೆ ಬೇಜಾರೇ ಅಂತ ಕೇಳಿದ್ದೆಯಲ್ಲ. ಹುಚ್ಚಿ. ನೀನು ಗೇಟು ತೆಗೆಯುವಾಗಲೇ “ಅತ್ತೇ” ಅಂತ ಕೂಗಿಕೊಂಡು ಬರುತ್ತಿದ್ದೆಯಲ್ಲ, ಫೋನು ಕಿವಿಗಿಟ್ಟುಕೊಂಡು ಅದನ್ನು ಹುಡುಕುತ್ತೇನೆ. ಸಿಗುವುದಿಲ್ಲ. ಅದಕ್ಕೇ ಇಟ್ಟುಬಿಡುತ್ತೇನೆ.

ಉದಯನಿಗೆ ಹೇಳಬೇಡ. ನನ್ನಾಣೆ.

ನಿನ್ನ ಅತ್ತೆ

*

ಸ್ಯಾನ್ ಪೆದ್ರೊ
30 ಆಗಸ್ಟ್ 2024

ಅತ್ತೆ, ನನ್ನ ಅತ್ತೆ,

ಈಗ ಹಾರಿ ಬಂದು ನಿಮ್ಮ ತೊಡೆಯ ಮೇಲೆ ತಲೆ ಇಡಬೇಕು ಅನ್ನಿಸುತ್ತಿದೆ. ಅಷ್ಟು ದಿನ ಒಬ್ಬರೇ ಹೇಗೆ ಹೊತ್ತುಕೊಂಡಿದ್ದಿರಿ? ನಾನು ಇಲ್ಲಿ ಕೂತು ಬೇಜಾರೇ, ಕೋಪವೇ ಅಂತ ನನ್ನ ನೋವನ್ನೇ ದೊಡ್ಡದು ಮಾಡುತ್ತಿದ್ದೆ.

ಉದಯ್‌ಗೆ ನಾನು ಹೇಳುವುದಿಲ್ಲ. ನೀವೇ ಹೇಳಬೇಕು. ನಾನು ಎಲ್ಲರ ಮುಂದೆ ನಿಂತಾಗ ನಾಚಿಕೆಯಾದದ್ದು ನಿಜ, ಆದರೆ ಆವತ್ತು ಚೆನ್ನಾಗಿ ನಿದ್ದೆ ಬಂತು. ಉದಯ್ ಒರಟ, ಆದರೆ ನಿಮ್ಮ ಮಗ.

ಮತ್ತೊಂದು ಮಾತು. ನಮ್ಮ ದುರ್ಬೀನಿಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ. ಬಿಸಿ ತಾಗಿದರೆ ಗೊತ್ತಾಗುವ ಸಣ್ಣ ಸಣ್ಣ ಚುಕ್ಕಿಗಳಿವೆ, ಅಷ್ಟೆ. ಮೈಯಿಂದಲೇ ತಿಳಿಯುವುದು, ನಿಮ್ಮ ಅಂಗೈ ಥರ. ಆದರೆ ಒಂದೇ ಚುಕ್ಕಿಯ ಮಾತನ್ನು ನಾವು ಯಾವತ್ತೂ ನಂಬುವುದಿಲ್ಲ. ಅಕ್ಕಪಕ್ಕದ ಎರಡನ್ನು ಇಟ್ಟು, ಇದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡುತ್ತೇವೆ. ಗಾಳಿಯ ಬಿಸಿ ಎರಡಕ್ಕೂ ಒಂದೇ ಆದ್ದರಿಂದ ಕಳೆದುಹೋಗುತ್ತೆ, ಬೇಕಾದದ್ದು ಉಳಿಯುತ್ತೆ. ನೀವೂ ಪೂರಾ ಆಗಿರುವ ಒಂದು ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಅನುಮಾನದ ಕಾಯಿಯನ್ನು ಬಲಗೈಯಲ್ಲಿ ಹಿಡಿದು, ಎರಡನ್ನೂ ಒಟ್ಟಿಗೆ ಅಲ್ಲಾಡಿಸಿ ನೋಡಿ. ಸರಿಹೋಗುತ್ತೋ ಇಲ್ಲವೋ ಗೊತ್ತಿಲ್ಲ. ನನಗೆ ಕೊಬ್ಬರಿ ತಿನ್ನುವುದು ಗೊತ್ತು, ಆರಿಸುವುದು ಗೊತ್ತಿಲ್ಲ.

ಡಾಕ್ಟರ ಹತ್ತಿರವೂ ಹೋಗಬೇಕು. ಇದು ಬೇಡಿಕೆ ಅಲ್ಲ, ಸೊಸೆಯ ಜಬರ್ದಸ್ತಿ.

ನಿಮ್ಮ ಸಿಂಧು

*

ಕಣಕಟ್ಟೆ
5 ನವೆಂಬರ್ 2024

ಚಿ. ಸಿಂಧು,

ದೀಪಾವಳಿ ಮುಗಿಯಿತು. ಹೇಳುವುದು ಬಹಳ ಇದೆ.

ನೀನು ಹೇಳಿದ ಹಾಗೆ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ಅಟ್ಟದ ಮೇಲೆ ದಿನಾ ಅಲ್ಲಾಡಿಸಿದೆ. ಮೊದಮೊದಲು ಎರಡೂ ಒಂದೇ ಅನ್ನಿಸಿತು. ಆಮೇಲಾಮೇಲೆ ನೀರಿನ ಕುಲುಕು ಬೇರೆ, ಕೊಬ್ಬರಿಯ ಪೆಟ್ಟು ಬೇರೆ ಅಂತ ಅಂಗೈಗೆ ತಿಳಿಯತೊಡಗಿತು. ನೀರು ತಡವಾಗಿ ಬಂದು ಒರಗುತ್ತೆ, ಕೊಬ್ಬರಿ ಟಕ್ಕನೆ ಬಡಿಯುತ್ತೆ. ಆದರೂ ಆಗಾಗ ತಪ್ಪುತ್ತಿದ್ದೆ.

ಒಂದು ಭಾನುವಾರ ಹಾಗೇ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಾಗ ಉದಯ ಏಣಿ ಹತ್ತಿ ಬಂದಿದ್ದಾನೆ. ಬಹಳ ಹೊತ್ತಿನಿಂದ ಕೂಗುತ್ತಿದ್ದನಂತೆ. ಕಣ್ಣು ಬಿಟ್ಟರೆ ಎದುರಿಗೇ ನಿಂತಿದ್ದಾನೆ. ಅವನ ತುಟಿ ನೋಡಿದೆ. “ಅಮ್ಮ, ನಿನಗೆ ಕೇಳಿಸ್ತಿಲ್ವಾ?” ಅನ್ನುತ್ತಿತ್ತು. ಇನ್ನು ಸುಳ್ಳು ಹೇಳಲು ಆಗಲಿಲ್ಲ.

“ಇಲ್ಲ ಕಣೋ,” ಅಂದೆ.

“ನನ್ನ ಹತ್ರ ಹೇಳಕ್ಕೆ ಏನಾಗಿತ್ತಮ್ಮ ನಿನಗೆ?”

“ಕಿವಿ ನಡೆಯೋವರೆಗೂ ಅಟ್ಟ ಇರಲಿ, ಆಮೇಲೆ ಬಿಚ್ಚಿಸ್ತೀನಿ ಅಂದಿದ್ದೆಯಲ್ಲ.”

“ನಾನಾ? ಯಾವಾಗ?”

ಅವನಿಗೆ ನೆನಪೇ ಇಲ್ಲ ಸಿಂಧು. ಕಾಫಿ ಕುಡಿಯುತ್ತಾ ಅಂದ ಮಾತು, ಲೋಟ ತೊಳೆಯುವಷ್ಟರಲ್ಲಿ ಅವನಿಗೆ ಮರೆತುಹೋಗಿತ್ತು. ನಾನು ಅದನ್ನು ಹಿಡಿದುಕೊಂಡು ಅರ್ಧ ವರ್ಷ ನಿದ್ದೆ ಕೆಡಿಸಿಕೊಂಡೆ. ಅವನಿಗೆ ಅದು ತಿಳಿದಾಗ ಕಾಯಿಗಳ ನಡುವೆಯೇ ಕೂತು, ಕಾಲೇಜು ಮೇಷ್ಟ್ರು ಅನ್ನುವುದನ್ನೂ ಮರೆತು, ಮಗುವಿನ ಹಾಗೆ ಅತ್ತ. ನನಗೆ ಅಳು ಬರಲಿಲ್ಲ. ಹೊಟ್ಟೆ ಹಸಿಯಿತು. ಇಬ್ಬರೂ ಇಳಿದು ಬಂದು ಬಿಸಿ ರೊಟ್ಟಿ ತಿಂದೆವು.

ಹಾಸನಕ್ಕೆ ಕರೆದುಕೊಂಡು ಹೋದ. ಎಡಗಿವಿ ಬರುವುದಿಲ್ಲವಂತೆ, ಬಲಗಿವಿಗೆ ಯಂತ್ರ ಹಾಕಿದ್ದಾರೆ. ಅಯ್ಯೋ ಶಿವನೇ, ಏನು ಗದ್ದಲ ಕಣೇ ಈ ಲೋಕ! ಕಾಗೆ, ಪಂಪ್‌ಸೆಟ್ಟು, ಮಿಕ್ಸಿ, ನನ್ನದೇ ಸೀರೆ ಸರಸರ. ಎಲ್ಲಾ ಕೇಳಿಸುತ್ತೆ, ಕಾಯಿ ಒಂದು ಬಿಟ್ಟು. ಅಭ್ಯಾಸವಾಗಲು ತಿಂಗಳುಗಟ್ಟಲೆ ಬೇಕು, ಆದರೂ ಮೊದಲಿನಷ್ಟು ಬರುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ.

ಅಟ್ಟ ಏನಾಯಿತು ಗೊತ್ತೇ? ಈಗ ಭಾನುವಾರ ಭಾನುವಾರ ಉದಯನೂ ಮೇಲೆ ಬರುತ್ತಾನೆ. ನಾನು ಅಂಗೈಯಲ್ಲಿ ನೋಡುತ್ತೇನೆ, ಅವನು ಕಿವಿಯಲ್ಲಿ ಕೇಳುತ್ತಾನೆ. ಆದ ಕಾಯಿಗೆ ಒಂದು ಬುಟ್ಟಿ, ಆಗದ್ದಕ್ಕೆ ಇನ್ನೊಂದು ಇಟ್ಟುಕೊಂಡು, ಒಬ್ಬರಿಗೊಬ್ಬರು ಹೇಳದೆ ಬೆರಳು ತೋರಿಸುತ್ತೇವೆ. ಇಬ್ಬರ ಬೆರಳೂ ಆದ ಬುಟ್ಟಿಯ ಕಡೆಗೇ ಹೋದರೆ ಕಾಯಿ ಇಳಿಯುತ್ತೆ, ಇಲ್ಲದಿದ್ದರೆ ಇನ್ನೊಂದಷ್ಟು ದಿನ ಅಲ್ಲೇ ಇರಲಿ. ಅವನ ಕಿವಿ ಇನ್ನೂ ಹಸಿ. ಮೂಗಿ ಕಾಯಿಗೂ “ಕೇಳಿಸ್ತು ಅಮ್ಮ” ಅನ್ನುತ್ತಾನೆ, ನಿನ್ನ ಗೆರೆಯ ಹಾಗೆ! ಬೈಯುತ್ತೇನೆ. ಬೈಸಿಕೊಳ್ಳುತ್ತಾನೆ. ಶಿವಯ್ಯನ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿ ಕೈಮುಗಿದೆ. “ಬುಡಿ ಅಮ್ಮಾವ್ರೆ, ಬರೋ ವರ್ಸ ತಾಯಿ ಮಗ ಇಬ್ರೂ ಬನ್ನಿ, ಕಾಪಿಗೆ ಇಡ್ತೀನಿ” ಅಂದ.

ನಿನ್ನ ಅತ್ತೆ
ಸುಮಿತ್ರಮ್ಮ

*

ಸ್ಯಾನ್ ಪೆದ್ರೊ
12 ಡಿಸೆಂಬರ್ 2024

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಮಾರ್ತಾಳಿಗೆ ಅನುವಾದ ಮಾಡಿ ಹೇಳಿದೆ. ಒಬ್ಬರಿಗೊಬ್ಬರು ಹೇಳದೆ ಬೆರಳು ತೋರಿಸುವುದು ಅಂದಾಗ ಎದ್ದು ನಿಂತು ಚಪ್ಪಾಳೆ ಹೊಡೆದಳು.

ನಮ್ಮ ಸುದ್ದಿಯೂ ಇದೆ. ತಗಡು ಸರಿಮಾಡಿದ ಮೇಲೆ ಅಳೆದದ್ದನ್ನೆಲ್ಲ ಎರಡು ಪಾಲು ಮಾಡಿ, ಒಂದರಿಂದ ಒಂದನ್ನು ಕಳೆದೆವು. ಏನೂ ಉಳಿಯಲಿಲ್ಲ, ಬರೀ ಸೊನ್ನೆ. ನಾವೆಲ್ಲ ತಬ್ಬಿಕೊಂಡು ಕುಣಿದೆವು. ಸೊನ್ನೆ ಬಂತು ಅಂದರೆ ಬೆಟ್ಟವೂ ಇಲ್ಲ, ಗಾಳಿಯೂ ಇಲ್ಲ, ನಾವು ಅಳೆದಿರುವುದು ಆಕಾಶವನ್ನೇ. ಆದರೆ ಅಸಲಿ ನಕ್ಷೆಯನ್ನು ಇನ್ನೂ ತೆರೆದಿಲ್ಲ. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಯಾರೂ ನೋಡುವ ಹಾಗಿಲ್ಲ. ಮೊದಲೇ ನೋಡಿದರೆ ಮನಸ್ಸು ತನಗೆ ಬೇಕಾದದ್ದನ್ನೇ ಕಾಣುತ್ತೆ, ನನಗೆ ಕಂಡ ಹಾಗೆ. ಅದು ತೆರೆಯುವ ಹೊತ್ತಿಗೆ ನಾನು ಕಣಕಟ್ಟೆಯಲ್ಲಿರುತ್ತೇನೆ.

ಟಿಕೆಟ್ ಆಗಿದೆ. ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.

ನನ್ನ ಕಾಯಿ ಹೇಗಿದೆ? ಮಾತಾಡುತ್ತಿದೆಯೇ? ಒಂದು ಸಲ ಫೋನು ಮಾಡಲೇ ಅತ್ತೆ? ಯಂತ್ರ ಇದೆಯಲ್ಲ, ಈಗ ಕೇಳಿಸೀತು.

ನಿಮ್ಮ ಸಿಂಧು

*

ಕಣಕಟ್ಟೆ
4 ಜನವರಿ 2025

ಚಿ. ಸಿಂಧು,

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಕೇಳಿದ್ದೆ. ಇಲಿ ಇಲ್ಲ ಅಂತ ಕಂಡುಹಿಡಿದು ಕುಣಿದವರು ನೀವೇ ಇರಬೇಕು. ಆದರೂ ಓದಿ ಉದಯನಿಗೆ ಪಾಯಸ ಮಾಡಿಕೊಟ್ಟೆ.

ಎಳ್ಳು ಹುರಿದಾಯಿತು, ಬೆಲ್ಲ ಹೆಚ್ಚಿದ್ದಾಯಿತು, ಕಡಲೆಬೀಜದ ಸಿಪ್ಪೆ ಹಾರಿಸಿದ್ದಾಯಿತು. ಕೊಬ್ಬರಿ ಮಾತ್ರ ಇನ್ನೂ ಹೆಚ್ಚಿಲ್ಲ. ಈ ಸಲದ ಎಳ್ಳು ಬೆಲ್ಲಕ್ಕೆ ನಿನ್ನ ಕಾಯಿಯದೇ ಕೊಬ್ಬರಿ ಅಂತ ಎತ್ತಿಟ್ಟಿದ್ದೇನೆ.

ಅದು ಮಾತಾಡುತ್ತಿದೆಯೇ ಅಂತ ಕೇಳಿದ್ದೀಯ. ನನಗೆ ಗೊತ್ತಿಲ್ಲ. ನೀನಿಟ್ಟ ದಿನದಿಂದ ಅದನ್ನು ನಾನು ಅಲ್ಲಾಡಿಸಿಲ್ಲ, ಉದಯನಿಗೂ ಮುಟ್ಟಲು ಬಿಟ್ಟಿಲ್ಲ. ಮೊದಲು ಹೆದರಿಕೆಗೆ ಮುಟ್ಟಲಿಲ್ಲ, ಅದೂ ಕೇಳಿಸದಿದ್ದರೆ ಏನು ಗತಿ ಅಂತ. ಈಗ ಹೆದರಿಕೆ ಇಲ್ಲ, ನಿನ್ನ ನಕ್ಷೆಯ ಹಾಗೆ ಅದೂ ಮುಚ್ಚಿಯೇ ಇರಲಿ ಅಂತ. ನಾನು ಒಬ್ಬಳೇ ನೋಡಿದರೆ ನನಗೆ ಬೇಕಾದದ್ದೇ ಕೇಳಿಸಿಬಿಡುತ್ತೆ.

ಫೋನು ಮಾಡಬೇಡ. ಈ ಯಂತ್ರದಲ್ಲಿ ಎಲ್ಲರ ದನಿಯೂ ಡಬ್ಬದೊಳಗಿಂದ ಬಂದ ಹಾಗಿದೆ. ನಿನ್ನ ದನಿಯನ್ನು ಮೊದಲು ಫೋನಿನಲ್ಲಿ ಕೇಳಿ ಕೆಡಿಸಿಕೊಳ್ಳಲಾರೆ. ಉದಯ ಸ್ಟೇಷನ್ನಿಗೆ ಬರುತ್ತಾನೆ, ನಾನು ಬರುವುದಿಲ್ಲ. ಗೇಟು ತೆಗೆಯುವಾಗ ಮೊದಲಿನ ಹಾಗೇ ಕೂಗಿಕೊಂಡು ಬಾ. ಕೇಳಿಸಿದರೆ ಓಡಿ ಬರುತ್ತೇನೆ.

ಬರದಿದ್ದರೆ ಕೇಳಿಸಲಿಲ್ಲ ಅಂತ ತಿಳಿ, ಅಳಬೇಡ. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ನೆಟ್ಟಗೆ ಅಟ್ಟ ಹತ್ತಿ ಬಾ. ನೀಲಿ ಅಂಚಿನ ಕಾಯಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ನನ್ನ ಅಂಗೈ ಮೇಲೆ ನಿನ್ನ ಅಂಗೈ ಇಡು, ಇಬ್ಬರೂ ಒಟ್ಟಿಗೆ ಅಲ್ಲಾಡಿಸೋಣ.

ಸುಮಿತ್ರಮ್ಮ